ಕಂಪ್ಯೂಟರಿಗೆ ಕಿಟಕಿ ಕೊರೆದ ಮೌಶಿ

ಅವರ ಕನ್ನಡಕದ ಎಡಗಡೆಯ ಕಡ್ಡಿ ತಾಮ್ರದ ತಂತಿಯದು. ಮೂಲದ ಕಡ್ಡಿ ಯಾವಾಗಲೋ ಮುರಿದುಹೋಗಿತ್ತು. ಮೋಟರಿಗೆ ಸುತ್ತುವ ತಂತಿಯನ್ನೇ ನಾಲ್ಕು ಎಳೆ ಹೊಸೆದು, ಕಿವಿಗೆ ಕೊಕ್ಕೆಯಾಗುವಂತೆ ಬಗ್ಗಿಸಿ ತಾವೇ ಕೂರಿಸಿಕೊಂಡಿದ್ದರು. ಬೇಸಿಗೆಯ ಬೆವರಿಗೆ ತಾಮ್ರ ಕಿಲುಬು ಬಿಟ್ಟು ಕಿವಿಯ ಹಿಂದೆ ಹಸಿರು ಗೆರೆಯೊಂದು ಮೂಡುತ್ತಿತ್ತು. ಹೊಸ ಕನ್ನಡಕ ತರೋಣ ಎಂದು ಸೊಸೆ ಎಷ್ಟು ಸಲ ಹೇಳಿದರೂ ಕೇಳಲಿಲ್ಲ. “ಕಾಣಸ್ತದಲ್ಲ, ಮುಗೀತು. ನನ್ನ ಮಾರಿ ನೋಡಾಕ ಯಾರ ಬರ್ತಾರ ಇಲ್ಲಿ?” ಅನ್ನುವರು. ಹಾಗೆ ಅಂದು ಕನ್ನಡಕದ ಮೇಲಿಂದ ನಮ್ಮ ಮುಖವನ್ನು ನೋಡುವರು. ಆ ನೋಟಕ್ಕೆ ಸಿಕ್ಕವರು ತಮ್ಮದೇನೋ ತಪ್ಪಾಗಿದೆ ಎಂದು ತಕ್ಷಣ ಒಪ್ಪಿಕೊಳ್ಳುತ್ತಿದ್ದರು. ನಾನಂತೂ ತಪ್ಪು ಮಾಡುವ ಮೊದಲೇ ಒಪ್ಪಿಕೊಳ್ಳುವ ಜಾತಿ.

ಸೋಲಾಪುರದ ನಮ್ಮ ಓಣಿಗೆಲ್ಲ ಅವರು ಮೌಶಿ, ಮರಾಠಿಯಲ್ಲಿ ಚಿಕ್ಕಮ್ಮ. ನನಗೂ ಮೌಶಿ, ನನ್ನ ಹೆಂಡತಿಗೂ ಮೌಶಿ, ಹಾಲು ಹಾಕುವವನಿಗೂ ಮೌಶಿ. ತವರು ಹನ್ನೂರು. ಮದುವೆಯಾಗಿ ಬಂದದ್ದು ತಗಡಿನ ಕೂಲರ್ ಮಾಡುವ ಮನೆಗೆ. ಗಂಡ ತಗಡು ಬಗ್ಗಿಸುತ್ತಿದ್ದರು, ಇವರು ಮೋಟರ್ ಸುತ್ತುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತಗಡನ್ನೂ ಇವರೇ ಹಿಡಿದರು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗ್ರೈಂಡರಿನ ಕಿಡಿ ಹಾರಿ ಮೊಳಕೈತನಕ ಸಾಸಿವೆಕಾಳಿನಷ್ಟು ಸುಟ್ಟ ಚುಕ್ಕೆಗಳು. ಅವನ್ನು ತೋರಿಸಿ ಕನಿಕರ ಗಿಟ್ಟಿಸಿದ್ದನ್ನು ನಾನು ಕಂಡಿಲ್ಲ. ಅವರಿಗೆ ಬರುತ್ತಿದ್ದದ್ದು ಸಿಟ್ಟು ಒಂದೇ. ಸಡಿಲ ಬಿಟ್ಟ ಮೊಳೆಯ ಮೇಲೆ, ಟೇಪು ಸುತ್ತಿದ ವಾಯರಿನ ಮೇಲೆ, ‘ನಡೀತದ ಬಿಡ್ರಿ’ ಎನ್ನುವವರ ಮೇಲೆ.

ತೀರಿಹೋದವರ ಬಗ್ಗೆ ಬರೆಯುವಾಗ ದನಿ ಮೆತ್ತಗಿರಬೇಕು ಅನ್ನುತ್ತಾರೆ. ನನಗೆ ಆಗುತ್ತಿಲ್ಲ. ಈ ಬರಹವನ್ನು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಆ ಸಿಟ್ಟಿನ ದೊಡ್ಡ ಪಾಲು ಯಾರ ಮೇಲೆ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ನಾನು ಅಕ್ಕಲಕೋಟೆಯ ಒಂದು ಕನ್ನಡ ಸಾಲೆಯಲ್ಲಿ ಗುಮಾಸ್ತ. ನಮ್ಮ ಕಡೆಯ ಮಾತಿನಲ್ಲಿ ಕಾರಕೂನ. ಇಪ್ಪತ್ತಾರು ವರ್ಷದಿಂದ ಸೋಲಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಚಿಂತೆ ನನ್ನ ಎರಡನೆಯ ನೌಕರಿ, ಅದಕ್ಕೆ ರಜೆ ಇಲ್ಲ. ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತೇನೆ. ಯಾವ ಕಾಗದವಾದರೂ ಮೂರು ಪ್ರತಿ ತೆಗೆಯುತ್ತೇನೆ. ಬಸ್ಸಿನಲ್ಲಿ ಚಾಲಕನ ಹಿಂದೆಯೇ ಕೂತು ಅವನ ಪರವಾಗಿ ಬ್ರೇಕು ಒತ್ತುತ್ತೇನೆ. ಇಂಥವನ ಮನೆಗೆ ಕಂಪ್ಯೂಟರ್ ಬಂದರೆ ಏನಾಗಬೇಕೋ ಅದೇ ಆಯಿತು. ಒಂದು ಏಪ್ರಿಲಿನಲ್ಲಿ ಅದು ಬಿಸಿಯಾಗಿ ತಾನೇ ಆರಿಹೋಗತೊಡಗಿತು. ಯಾರೋ ಹೇಳಿದರೆಂದು ಅದರ ಪಕ್ಕದ ತಗಡು ಬಿಚ್ಚಿಟ್ಟೆ. ಅಷ್ಟಕ್ಕೆ ಸಮಾಧಾನವಾಗದೆ ಮೌಶಿಯೇ ಮಾಡಿಕೊಟ್ಟಿದ್ದ ನೀರಿನ ಕೂಲರನ್ನು ನೇರ ಅದರ ಮುಂದೆ ನಿಲ್ಲಿಸಿದೆ. ಹೆಂಡತಿ ಮಕ್ಕಳು ಬೆವರಲಿ, ಕಂಪ್ಯೂಟರ್ ತಂಪಾಗಿರಲಿ.

ಎರಡು ವಾರದಲ್ಲಿ ಅದು ಪೂರ್ತಿ ನಿಂತಿತು. ಮೌಶಿ ಕೂಲರಿನ ಹುಲ್ಲು ಬದಲಾಯಿಸಲು ಬಂದವರು ನೋಡಿದರು.

“ಏ ಕಾರಕೂನಾ, ಇದೇನೋ ಇದು? ಹಸೀ ಗಾಳಿ ಕಾಂಪ್ಯೂಟರಿಗೆ ಬಿಟ್ಟೀಯಲ್ಲ, ಅದಕ್ಕೇನ ಜ್ವರ ಬಂದಾವೇನು?”

“ತಂಪಾಗ್ಲಿ ಅಂತ ಮೌಶಿ…”

“ಡಬ್ಬಿ ಬಿಚ್ಚಿಟ್ಟರ ತಂಪಾಗತದ ಅಂತ ಯಾವ ಶಾಣ್ಯಾ ಹೇಳ್ಯಾನ? ಬಾಗಲಾ, ಗ್ವಾಡಿ ಎಲ್ಲಾ ಕೆಡವಿದ ಮನ್ಯಾಗ ಗಾಳಿ ಆಡ್ತದೇನು? ಎಲ್ಲಿ ಬೇಕಲ್ಲಿ ತಿರಗಿ ಹೋಗತದ. ಎಲ್ಲಿ ಸುಡಾಕತ್ತದೋ ಅಲ್ಲಿ ಹೋಗಂಗಿಲ್ಲ.”

ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಒಳಗಿನ ಸಣ್ಣ ಫ್ಯಾನು ಬಿಚ್ಚಿ, ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ನಡುವಿನಿಂದ ಸೂಜಿಯಲ್ಲಿ ಏನನ್ನೋ ಎಬ್ಬಿಸಿದರು. ನಮ್ಮ ಓಣಿಯ ತುಂಬ ಮಗ್ಗಗಳು. ಗಾಳಿಯಲ್ಲಿ ಸದಾ ಹತ್ತಿಯ ಎಳೆ ಹಾರಾಡುತ್ತದೆ. ಆ ಎಳೆಗಳು ಕೂಲರಿನ ತೇವಕ್ಕೆ ಅಂಟಿ, ಒಂದರ ಮೇಲೊಂದು ಕೂತು, ಬೂದಿಬಣ್ಣದ ಚೌಕದ ಬಟ್ಟೆಯಂತೆ ಇಡಿಯಾಗಿ ಎದ್ದು ಬಂದವು. ಮೌಶಿ ಅದನ್ನು ನನ್ನ ಅಂಗೈಗೆ ಹಾಕಿದರು.

“ತಗೋ. ಸೋಲಾಪುರದ ಕಾಂಪ್ಯೂಟರ್ ನೋಡು, ಚಾದರ ನೇಯ್ದದ. ಹೊಚ್ಕೊಂಡ ಮಲಕ್ಕೋ.”

ಅವತ್ತಿನವರೆಗೆ ಅವರು ಕಂಪ್ಯೂಟರಿನ ಒಳಗೆ ಕೈಹಾಕಿರಲಿಲ್ಲ. ಆದರೆ ಹತ್ತು ನಿಮಿಷ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೂ ಕೂಲರ ಅದನೋ. ಡಬ್ಬಿ, ಫ್ಯಾನು, ಗಾಳಿ. ನೀರೊಂದ ಇಲ್ಲ,” ಎಂದರು. ಮರುದಿನ ಅದರ ಪಕ್ಕದ ತಗಡನ್ನು ತಮ್ಮ ಕೋಣೆಗೆ ಒಯ್ದರು. ಸುಡುವ ಚಿಪ್ ಎಲ್ಲಿದೆಯೋ ಅದಕ್ಕೆ ಎದುರಾಗಿ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದರು. ಗೆರೆಯ ಗುಂಟ ಒತ್ತೊತ್ತಾಗಿ ತೂತು ಹೊಡೆದು, ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಬೆರಳಾಡಿಸಿದರೆ ಚುಚ್ಚದ ಹಾಗೆ ನುಣುಪು ಮಾಡಿದರು. ಗುಜರಿಯಿಂದ ಆರಿಸಿ ತಂದ ಅಂಗೈಯಗಲದ ಫ್ಯಾನನ್ನು ಒಳಮುಖವಾಗಿ ಕೂರಿಸಿದರು. ಅದು ಗಡಗಡ ಅನ್ನದಿರಲೆಂದು ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ನಡುವೆ ಇಟ್ಟರು. ಹೊರಗೆ ಸೊಳ್ಳೆಪರದೆಯ ಸಣ್ಣ ಜಾಲರಿ. ಹಿಂಬದಿಯ ಫ್ಯಾನಿನ ಮೋರೆ ಹೊರಗೆ.

ನಾನು ನನ್ನ ಬುದ್ಧಿ ತೋರಿಸಿದೆ. “ಮೌಶಿ, ಹಿಂದಿನ ಫ್ಯಾನೂ ಒಳಗ ತಿರುವಿದ್ರ ಎರಡ ಕಡೆ ಗಾಳಿ ಬರ್ತದಲ್ಲ?”

ಕನ್ನಡಕದ ಮೇಲಿಂದ ನೋಡಿದರು. “ಮದವಿ ಮನ್ಯಾಗ ಎರಡೂ ಬಾಗಲದಿಂದ ಮಂದಿ ಒಳಗ ನುಗ್ಗಿದ್ರ, ಉಂಡವ್ರು ಎಲ್ಲಿಂದ ಹೊರಗ ಹೋಗಬೇಕೋ? ನಿನ್ನ ತಲಿ ಮ್ಯಾಲಿಂದ?”

ಕೊನೆಗೆ ಅವರದೊಂದು ಪದ್ಧತಿ ಇತ್ತು. ಯಂತ್ರ ಚಾಲೂ ಮಾಡಿ, ಊದಿನಕಡ್ಡಿ ಹಚ್ಚಿ ಜಾಲರಿಯ ಮುಂದೆ ಹಿಡಿಯುವುದು. ಹೊಗೆ ಮೇಲಕ್ಕೇಳುವುದನ್ನು ಬಿಟ್ಟು ದಾರದ ಹಾಗೆ ಬಾಗಿ ಒಳಗೆ ಹೋಗಬೇಕು, ಹಿಂದಿನಿಂದ ಹೊರಬೀಳಬೇಕು. ಎಲ್ಲಾದರೂ ಸುಳಿ ಸುತ್ತಿದರೆ, ನಿಂತರೆ, ಮತ್ತೆ ಬಿಚ್ಚುವರು. ಕೂಲರಿಗೂ ಹೀಗೆಯೇ. ಅದನ್ನು ಮೊದಲು ನೋಡಿದವರು ಪೂಜೆ ಎಂದುಕೊಂಡು ಕೈ ಮುಗಿಯುತ್ತಿದ್ದರು, ಅದಕ್ಕೂ ಬೈಸಿಕೊಳ್ಳುತ್ತಿದ್ದರು.

ನನ್ನ ಕಂಪ್ಯೂಟರ್ ಆಮೇಲೆ ಆ ಬೇಸಿಗೆಯಲ್ಲಿ ಒಮ್ಮೆಯೂ ಆರಲಿಲ್ಲ. ಸುದ್ದಿ ಹರಡಿತು. ಚಾದರದ ನಮೂನೆ ಬಿಡಿಸುವವರು, ಲಗ್ನಪತ್ರಿಕೆ ಅಚ್ಚುಮಾಡುವವರು, ದಿನವಿಡೀ ಆಟವಾಡುವ ಕಾಲೇಜಿನವರು ತಮ್ಮ ತಮ್ಮ ಡಬ್ಬಿ ಹೊತ್ತು ಬಂದರು. ಬಂದವರನ್ನೆಲ್ಲ ಮೌಶಿ ಬೈದರು, ಎಲ್ಲರ ಡಬ್ಬಿಗೂ ಕಿಟಕಿ ಕೊರೆದರು.

ನಮ್ಮ ಸಾಲೆಯಲ್ಲಿ ಹನ್ನೆರಡು ಕಂಪ್ಯೂಟರ್ ಇದ್ದವು. ಮಾಳಿಗೆಯ ಮೇಲಿನ ತಗಡಿನ ಸೂರಿನ ಕೋಣೆ. ಮಾರ್ಚಿನಿಂದಲೇ ಅದು ರೊಟ್ಟಿ ಸುಡುವ ಹಂಚು. ಡಬ್ಬಿಗಳ ಮುಂಭಾಗಕ್ಕೆ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಮೋರೆ, ಗಾಳಿ ಬರಲು ದಾರಿಯೇ ಇಲ್ಲ. ಮಕ್ಕಳು ಒಂದು ಪುಟ ಬೆರಳಚ್ಚು ಮಾಡುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಆಗಿನ ಮುಖ್ಯಾಧ್ಯಾಪಕರು ಒಳ್ಳೆಯವರು. ನಾನು ಮೌಶಿಯ ವಿಷಯ ಹೇಳಿದಾಗ, “ಕರಕೊಂಡ ಬರ್ರಿ, ಮಾಡಸ್ರಿ,” ಎಂದರು. ಬಾಯಿಮಾತಿನ ಪರವಾನಗಿ. ಊರೆಲ್ಲರ ಕಾಗದಕ್ಕೆ ಮೂರು ಪ್ರತಿ ತೆಗೆಯುವ ನಾನು, ಈ ಒಂದಕ್ಕೆ ಒಂದು ಪ್ರತಿಯನ್ನೂ ತೆಗೆದುಕೊಳ್ಳಲಿಲ್ಲ. ಮರುವರ್ಷ ಅವರು ನಿವೃತ್ತರಾಗಿ ಮಗಳ ಊರಿಗೆ ಹೋದರು, ಅಲ್ಲೇ ತೀರಿಕೊಂಡರು.

ಮೌಶಿ ಮೂರು ದಿನ ನನ್ನ ಜೊತೆ ಅದೇ ಬಸ್ಸಿನಲ್ಲಿ ಬಂದರು. ಮಡಿಲಲ್ಲಿ ಡ್ರಿಲ್ ಯಂತ್ರ, ಕಾಲ ಬಳಿ ಫ್ಯಾನುಗಳ ಚೀಲ. ತಗಡು ಕೊರೆಯುವುದು ಮಾತ್ರ ಹೊರಗೆ ಬೇವಿನ ನೆರಳಲ್ಲಿ. ಕಬ್ಬಿಣದ ಒಂದು ಪುಡಿಯೂ ಯಂತ್ರದ ಹತ್ತಿರ ಸುಳಿಯಬಾರದು. ಹನ್ನೆರಡಕ್ಕೂ ಊದಿನಕಡ್ಡಿ ಹಿಡಿದು ನೋಡಿದರು. ಹೋಗುವಾಗ ನಮ್ಮ ಸಾಲೆಯ ಸಿಪಾಯಿಯನ್ನು, ಅಂದರೆ ಜವಾನನನ್ನು, ಕರೆದು, “ಹದಿನೈದ ದಿನಕ್ಕೊಮ್ಮಿ ಜಾಲರಿ ತೊಳೀಬೇಕು. ತೊಳೀಲಿಲ್ಲ ಅಂದ್ರ ಬಂದು ನಿನ್ನ ತೊಳೀತೀನಿ,” ಎಂದು ಹೇಳಿ ಬಸ್ಸು ಹತ್ತಿದರು.

ನಾನು ನನ್ನ ಸ್ವಭಾವದಂತೆ ಒಂದು ವಹಿ ಇಟ್ಟೆ. ಯಂತ್ರ ಎಷ್ಟು ಬಿಸಿಯಾಗಿದೆಯೆಂದು ಕಂಪ್ಯೂಟರೇ ತೋರಿಸುತ್ತದೆ. ಕೊರೆಯುವ ಮೊದಲು ಅದು ಮಧ್ಯಾಹ್ನ ತೊಂಬತ್ತೈದು ಡಿಗ್ರಿ ಮುಟ್ಟಿ ಆರುತ್ತಿತ್ತು. ಕೊರೆದ ಮೇಲೆ ಎಪ್ಪತ್ತು ದಾಟಲಿಲ್ಲ. ದಿನವೂ ಹನ್ನೆರಡು ಯಂತ್ರದ ಅಂಕಿ ಬರೆದೆ. ಯಾರೂ ಕೇಳಿರಲಿಲ್ಲ. ಬರೆಯದಿದ್ದರೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ. ಮೌಶಿಗೆ ಆ ವಹಿ ತೋರಿಸಿದಾಗ ಮೊದಲ ಬಾರಿ ನನ್ನ ಯಾವುದೋ ಕೆಲಸಕ್ಕೆ ತಲೆಯಾಡಿಸಿದರು. “ಹೇಡಿ ಇದ್ದರೂ ಬರೋಬರ ಬರದಿ,” ಎಂದರು. ನಮ್ಮದನ್ನು ನೋಡಿ ನಮ್ಮ ಸಾಲೆ ನಡೆಸುವ ಸಂಸ್ಥೆಯದೇ ಆದ ಮಂದ್ರೂಪ, ಬೋರಾಮಣಿಯ ಸಾಲೆಗಳೂ ಅವರನ್ನು ಕರೆಸಿದವು.

ಎರಡು ಬೇಸಿಗೆ ಸುಖವಾಗಿ ಕಳೆದವು. ಮೂರನೆಯ ವರ್ಷ ಸಂಸ್ಥೆಯ ಅಧ್ಯಕ್ಷರಿಗೆ ನಮ್ಮ ಕೋಣೆಯನ್ನು ‘ಡಿಜಿಟಲ್ ಕಕ್ಷ’ ಎಂದು ಉದ್ಘಾಟಿಸುವ ಮನಸ್ಸಾಯಿತು. ಯಂತ್ರಗಳು ಅವೇ, ಕೋಣೆ ಅದೇ, ಹೆಸರು ಮಾತ್ರ ಹೊಸದು. ಹಿಂದಿನ ದಿನ ಕಾರ್ಯದರ್ಶಿಗಳು ನೋಡಲು ಬಂದರು. ಡಬ್ಬಿಯ ಪಕ್ಕದ ಜಾಲರಿ ಕಂಡು ಮೂಗು ಮುರಿದರು. “ಹೇ ಕಾಯ್ ಭೋಕ್?” ಎಂದು ಮರಾಠಿಯಲ್ಲಿ ಕೇಳಿದರು, ಇದೇನು ತೂತು? ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಸಂಜೆಗೆ ಸ್ಟಿಕರ್ ಕಳಿಸಿದರು. ಒಂದೊಂದೂ ಹಿಟ್ಟು ನಾದುವ ಪರಾತದಷ್ಟು ಅಗಲ; ಮೇಲೆ ಸಂಸ್ಥೆಯ ಲಾಂಛನ, ಕೆಳಗೆ ಅಧ್ಯಕ್ಷರ ನಗುಮುಖ. ಸಿಪಾಯಿ ಮತ್ತು ನಾನು ಸೇರಿ, ಹೌದು, ನಾನೂ ಸೇರಿ, ಹನ್ನೊಂದು ಯಂತ್ರಗಳ ಜಾಲರಿಯ ಮೇಲೆ ಹನ್ನೊಂದು ಅಧ್ಯಕ್ಷರನ್ನು ಅಂಟಿಸಿದೆವು. ಹನ್ನೆರಡನೆಯದಕ್ಕೆ ಸ್ಟಿಕರ್ ಸಾಲಲಿಲ್ಲ. ಅದು ಮೂಲೆಯಲ್ಲಿತ್ತು, ಬಿಟ್ಟೆವು.

“ಗಾಳಿ ಬಂದ್ ಆಗತದರಿ ಸಾಹೇಬ್ರ,” ಎಂದು ನಾನು ಹೇಳಬೇಕಿತ್ತು. ಬಾಯಿತನಕ ಬಂದಿತ್ತು. ಉದ್ಘಾಟನೆ ಮುಗಿದ ಮೇಲೆ ಕಿತ್ತರಾಯಿತು ಎಂದುಕೊಂಡೆ. ಮುಗಿದ ಮೇಲೆ, ಅಧ್ಯಕ್ಷರ ಮುಖ ಕಿತ್ತದ್ದು ಯಾರು ಎಂದು ಕೇಳಿದರೆ ಎಂಬ ಚಿಂತೆ ಹತ್ತಿತು. ವಹಿಯಲ್ಲಿ ಮಾತ್ರ ಬರೆಯುತ್ತ ಹೋದೆ: ಎಂಬತ್ತೆರಡು, ಎಂಬತ್ತೊಂಬತ್ತು, ತೊಂಬತ್ತಮೂರು. ಹಾವು ಹತ್ತಿರ ಬರುತ್ತಿರುವುದನ್ನು ಗೇಣು ಹಾಕಿ ಅಳೆಯುತ್ತ ಕೂತವನ ಹಾಗೆ.

ಮಾರ್ಚಿನಲ್ಲಿ ಹೊರಗಿನ ಪರೀಕ್ಷಕರ ಎದುರು ಪ್ರಾಯೋಗಿಕ ಪರೀಕ್ಷೆ. ಹನ್ನೆರಡು ಗಂಟೆಗೆ ಒಂದೊಂದಾಗಿ ಯಂತ್ರಗಳು ಕಣ್ಣು ಮುಚ್ಚಿದವು. ಉಸಿರು ಕಟ್ಟಿದ ಫ್ಯಾನೊಂದು ಸುಟ್ಟು ಡಬ್ಬಿಯಿಂದ ಹೊಗೆ ಬಂತು. ಮಕ್ಕಳು ಕಿರುಚಿಕೊಂಡು ಮೆಟ್ಟಿಲಿಳಿದರು. ಯಾರಿಗೂ ಏನೂ ಆಗಲಿಲ್ಲ. ಸಂಸ್ಥೆಯ ಮಾನಕ್ಕೆ ಮಾತ್ರ ಧಕ್ಕೆಯಾಯಿತಂತೆ. ಚೌಕಶಿ, ಅಂದರೆ ವಿಚಾರಣೆ, ಕುಳಿತಿತು. ಮೂರು ಜನ, ಒಂದು ಮಧ್ಯಾಹ್ನ, ಒಂದು ವರದಿ: ‘ಅನಧಿಕೃತ ಹೆಂಗಸೊಬ್ಬಳು ಯಂತ್ರಗಳಿಗೆ ರಂಧ್ರ ಕೊರೆದ ಕಾರಣ ಧೂಳು ನುಗ್ಗಿ ಅವಘಡ ಸಂಭವಿಸಿದೆ.’ ಸ್ಟಿಕರಿನ ಸುದ್ದಿಯೇ ಇಲ್ಲ. ಸಾಕ್ಷಿ ಎಂದು ಕೆಳಗೆ ನನ್ನ ಸಹಿ. ಓದಿಯೇ ಹಾಕಿದೆ. ಓದದೆ ಹಾಕಿದೆ ಎಂದು ಈಗ ಬರೆಯಬಹುದಿತ್ತು, ಆದರೆ ನಾನು ಓದದೆ ಯಾವುದಕ್ಕೂ ಸಹಿ ಹಾಕುವವನಲ್ಲ ಎಂಬುದು ಊರಿಗೇ ಗೊತ್ತು.

ವರದಿ ಸಂಸ್ಥೆಯ ಎಲ್ಲ ಸಾಲೆಗಳಿಗೂ ಹೋಯಿತು. ಮಂದ್ರೂಪದವರು ಜಾಲರಿ ಕಿತ್ತು ಹೊಸ ತಗಡು ಹಾಕಿಸಿದರು. ಬೋರಾಮಣಿಯವರು ಮೌಶಿಗೆ ಫೋನು ಮಾಡಿ, ಇನ್ನು ಬರಬೇಡಿ ಎಂದರು. ಸೋಲಾಪುರದಲ್ಲಿ ಅವರ ಹೆಸರಿನ ಹಿಂದೆ ಒಂದು ಮಾತು ಹತ್ತಿಕೊಂಡಿತು: ಕಾಂಪ್ಯೂಟರ್ ಸುಡೂ ಮೌಶಿ. ನಾಲ್ಕು ದಶಕ ಒಂದು ಕೂಲರಿಗೂ ಶಾಕ್ ಹೊಡೆಯಗೊಡದ ಹೆಂಗಸಿಗೆ ಆ ಹೆಸರು.

ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವರು ನನಗಿಂತ ಮೊದಲೇ ನಿಂತಿದ್ದರು. ಇಳಕಲ್ ಸೀರೆ ಉಟ್ಟಿದ್ದರು. ಮದುವೆ ಮುಂಜಿಗೆ ಮಾತ್ರ ಉಡುವಂಥದು. ಕೈಯಲ್ಲಿ ಊದಿನಕಡ್ಡಿಯ ಒಂದು ಪೊಟ್ಟಣ.

“ಇವತ್ತ ನಿಮ್ಮ ಸಾಲ್ಯಾಗ ಮೀಟಿಂಗ್ ಅದ ಅಂತಲ್ಲ, ನಾನೂ ಬರ್ತೀನಿ. ಬೈಯಂಗಿಲ್ಲ, ಹೆದರಬ್ಯಾಡ. ತೋರಸ್ತೀನಿ, ಬರ್ತೀನಿ. ನಿನ್ನ ವಹಿ ಚೀಲದಾಗ ಅದನೋ?”

“ಅದರಿ ಮೌಶಿ.”

“ಆತು. ನಾ ಹೊಗಿ ತೋರಸ್ತೀನಿ, ನೀ ವಹಿ ತೋರಸು. ಕಣ್ಣಿದ್ದವ್ರು ಹೊಗಿ ನೋಡ್ತಾರ, ಅಕ್ಷರ ಬಂದವ್ರು ವಹಿ ಓದ್ತಾರ.”

ಆ ದಾರಿಯುದ್ದಕ್ಕೂ ಅವರು ಎಷ್ಟು ನಿಶ್ಚಿಂತರಾಗಿದ್ದರೆಂದರೆ, ವಳಸಂಗ ಬರುವಷ್ಟರಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.

ಮಾಳಿಗೆಯ ಕೋಣೆಯಲ್ಲಿ ಕಾರ್ಯದರ್ಶಿಗಳು, ಹೊಸ ಮುಖ್ಯಾಧ್ಯಾಪಕರು, ಚೌಕಶಿಯ ಮೂವರು. ಒಬ್ಬ ಹೆಂಗಸು ನೇರ ಒಳಬಂದು ‘ಎರಡ ಕಾಂಪ್ಯೂಟರ್ ಚಾಲೂ ಮಾಡ್ರಿ’ ಎಂದಾಗ ಅವರಿಗೆ ಬೇಡ ಅನ್ನಲೂ ತೋಚಲಿಲ್ಲ. ಮೌಶಿ ಸ್ಟಿಕರ್ ಇದ್ದ ಯಂತ್ರದ ಪಕ್ಕ ಊದಿನಕಡ್ಡಿ ಹಿಡಿದರು. ಹೊಗೆ ಅಧ್ಯಕ್ಷರ ಗಲ್ಲಕ್ಕೆ ಬಡಿದು, ಮೀಸೆಯ ಗುಂಟ ಹರಿದು, ಸೂರಿಗೆ ಹೋಯಿತು. ಮೂಲೆಯ ಹನ್ನೆರಡನೆಯ ಯಂತ್ರಕ್ಕೆ ಹಿಡಿದರು. ಹೊಗೆ ಬಾಗಿತು, ಜಾಲರಿಯೊಳಗೆ ಸರ್ರನೆ ಹೋಯಿತು, ಹಿಂದಿನಿಂದ ಬಂತು. ಮತ್ತೆ ಮೊದಲನೆಯದಕ್ಕೆ ಬಂದು, ಸ್ಟಿಕರಿನ ಒಂದು ಮೂಲೆಗೆ ಉಗುರು ಹಾಕಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದರು. ಕಡ್ಡಿ ಹಿಡಿದರು. ಹೊಗೆ ಒಳಗೆ.

“ನೋಡ್ರಿ. ಮನಷ್ಯಾ ಸುಳ್ಳ ಹೇಳತಾನ. ಹೊಗಿಗೆ ಸುಳ್ಳ ಹೇಳಾಕ ಬರೂದಿಲ್ಲ. ನಾ ಕೊರದದ್ದು ಮೂಗು. ನೀವು ಮೂಗ ಮುಚ್ಚೀರಿ, ಅದು ಸತ್ತದ. ನನ್ನ ಹೆಸರ ಯಾಕ ಬರದ್ರಿ? ಅದೊಂದ ಸಾಲ ಹೊಡದ ಹಾಕ್ರಿ. ಬ್ಯಾರೆ ಏನೂ ಬ್ಯಾಡ ನನಗ.”

ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು. ಅದೇ ನನಗೆ ಇವತ್ತಿಗೂ ಮೈ ಉರಿಯುವ ಸಂಗತಿ. ಅರ್ಥವಾಗದೆ ಮಾಡಿದ ಅನ್ಯಾಯವಲ್ಲ ಅದು. ಕಾರ್ಯದರ್ಶಿಗಳು ಸುಲಿದು ಬಿದ್ದ ಸ್ಟಿಕರನ್ನು ನೋಡಿದರು. ಅಧ್ಯಕ್ಷರು ನೆಲದಿಂದ ನಗುತ್ತಿದ್ದರು. ಆಮೇಲೆ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು.

“ಕಾರಕೂನ್, ನೀವು ದಿನಾ ಇಲ್ಲೇ ಇರ್ತೀರಿ. ನೀವ ಹೇಳ್ರಿ. ಸ್ಟಿಕರಿನಿಂದ ಆಗ್ಯದೇನು? ಮತ್ತ ಈ ತೂತ ಕೊರೀರಿ ಅಂತ ಪರವಾನಗಿ ಕೊಟ್ಟವ್ರು ಯಾರು? ಕಾಗದ ಅದನ?”

ಎರಡನೆಯ ಪ್ರಶ್ನೆ ಮೊದಲನೆಯದರ ಕುತ್ತಿಗೆಯ ಮೇಲಿಟ್ಟ ಕತ್ತಿ. ಕಾಗದ ಇರಲಿಲ್ಲ. ಪರವಾನಗಿ ಕೊಟ್ಟವರು ಬದುಕಿರಲಿಲ್ಲ. ಕರೆತಂದವನು ನಾನು. ನನ್ನ ನೌಕರಿಗೆ ಇನ್ನೂ ಆರು ವರ್ಷ ಇತ್ತು. ವಹಿ ನನ್ನ ಹೆಗಲ ಚೀಲದಲ್ಲಿತ್ತು, ಅದರ ಮೂಲೆ ನನ್ನ ಪಕ್ಕೆಗೆ ಒತ್ತುತ್ತಿತ್ತು. ಮೌಶಿ ನನ್ನ ಮುಖ ನೋಡಲಿಲ್ಲ, ಚೀಲ ನೋಡಿದರು.

“ನನಗ ಇದರಾಗಿಂದು ತಾಂತ್ರಿಕ ತಿಳಿಯಂಗಿಲ್ರಿ ಸಾಹೇಬ್ರ,” ಎಂದೆ.

ಮೌಶಿ ಅರ್ಧ ಉರಿದಿದ್ದ ಕಡ್ಡಿಯನ್ನು ಬೆರಳಲ್ಲೇ ಹೊಸಕಿ ಆರಿಸಿದರು. ಮೆಟ್ಟಿಲಿಳಿದು ಹೋದರು.

ಸಂಜೆ ಬಸ್ಸಿನಲ್ಲಿ ನಾನು ಹತ್ತಿದಾಗ ಅವರು ಮೊದಲೇ ಕೂತಿದ್ದರು. ಪಕ್ಕದ ಸೀಟು ಮಾತ್ರ ಖಾಲಿ. ಬೈಯುತ್ತಾರೆ, ಬೈದರೆ ನನಗೆ ಹಗುರಾಗುತ್ತದೆ ಎಂದುಕೊಂಡು ಕೂತೆ. ಹೇಡಿ ಎನ್ನಲಿ, ಬಸ್ಸಿಗೆಲ್ಲ ಕೇಳುವಂತೆ ಎನ್ನಲಿ. ಅವರು ಸೀರೆಯ ಸೆರಗು ಎಳೆದುಕೊಂಡು ನನಗೆ ಜಾಗ ಮಾಡಿದರು.

“ಬರ್ರಿ ಸಾಹೇಬ್ರ, ಕುಂದರ್ರಿ,” ಎಂದರು.

ಇಪ್ಪತ್ತು ವರ್ಷ ನನ್ನನ್ನು ‘ಏ ಕಾರಕೂನಾ’ ಎಂದು ಕರೆದವರು. ಆ ‘ಬರ್ರಿ’ ನನ್ನ ಕೆನ್ನೆಗೆ ಹೊಡೆದಂತೆ ಬಿತ್ತು. ಸೋಲಾಪುರ ಬರುವವರೆಗೆ ನಾನೇ ಏನೇನೋ ಒದರಿದೆ. ನಾಳೆಯೇ ಒಂದು ಕಾಗದ ಬರೆದುಕೊಡುತ್ತೇನೆ ಮೌಶಿ, ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ ಎಂದು, ವಹಿಯ ನಕಲು ಹಚ್ಚಿ ಕೊಡುತ್ತೇನೆ, ಮಂದ್ರೂಪದವರಿಗೆ ತೋರಿಸಿರಿ. ಅವರು ಕಿಟಕಿಯ ಹೊರಗೆ ನೋಡುತ್ತಲೇ, “ಕೊಡ್ರಿ,” ಎಂದರು. “ಕೊಟ್ರ ಚಲೋ ಆಗತದ.”

ಕೊಡಲಿಲ್ಲ. ಬರೆದೆ; ಹನ್ನೊಂದು ಕರಡು. ಒಂದರಲ್ಲಿ ಸಂಸ್ಥೆಯ ಹೆಸರು ಬಂದುಬಿಟ್ಟಿತ್ತು, ಹರಿದೆ. ಒಂದರಲ್ಲಿ ನನ್ನ ಹೆಸರು ಬಂದಿತ್ತು, ಅದನ್ನು ಇನ್ನೂ ಸಣ್ಣಗೆ ಹರಿದೆ. ಒಂದು ಕರಡಂತೂ ಎಷ್ಟು ಎಚ್ಚರಿಕೆಯದಾಗಿತ್ತೆಂದರೆ, ಅದನ್ನು ಓದಿದವರಿಗೆ ಅಕ್ಕಲಕೋಟೆಯಲ್ಲಿ ಬೇಸಿಗೆ ಇರುತ್ತದೆ ಎಂಬುದರ ಹೊರತು ಏನೂ ತಿಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ಬದಲಿಸಿದೆ. ಮೌಶಿಯ ಬಾಗಿಲ ಮುಂದೆ ಹಾಯುವ ಬದಲು ಹಿಂದಿನ ಗಟಾರದ ಸಂದಿ. ಎರಡು ವರ್ಷ ಆ ನಾತ ಕುಡಿದೆ. ನಮ್ಮ ಮನೆಯ ಕೂಲರ್ ಕೆಟ್ಟಾಗ ಹೆಂಡತಿ ಕರೆದರೆ ಅವರು ಬಂದು ಸರಿಮಾಡಿ ಹೋಗುತ್ತಿದ್ದರು. ನಾನು ಆಗ ಹಿತ್ತಲಲ್ಲಿ ಇಲ್ಲದ ಕೆಲಸ ಹುಡುಕುತ್ತಿದ್ದೆ. “ಸಾಹೇಬ್ರು ಅರಾಮ ಅದಾರಿಲ್ರಿ?” ಎಂದು ಅವರು ನನ್ನ ಹೆಂಡತಿಯನ್ನು ಕೇಳುವುದು ಅಲ್ಲಿಯವರೆಗೂ ಕೇಳಿಸುತ್ತಿತ್ತು. ಕಂಪ್ಯೂಟರ್ ಹೊತ್ತು ಅವರ ಬಾಗಿಲಿಗೆ ಬರುವವರು ಒಬ್ಬರೂ ಉಳಿಯಲಿಲ್ಲ. ಅಂಗೈಯಗಲದ ಫ್ಯಾನುಗಳ ಚೀಲವನ್ನು ಅವರು ಗುಜರಿಗೆ ವಾಪಸು ಕೊಟ್ಟರೆಂದು ಹೆಂಡತಿ ಒಂದು ದಿನ ಹೇಳಿದಳು. ನಾನು ಉಪ್ಪು ಕಡಿಮೆಯಾಗಿದೆ ಎಂದು ಸಾರಿನ ಮೇಲೆ ಸಿಟ್ಟು ಮಾಡಿದೆ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಎದೆನೋವು ಬಂತು. ಎರಡು ದಿನ ಆಸ್ಪತ್ರೆಯಲ್ಲಿದ್ದರು. ಮೂರನೆಯ ದಿನ ಓಣಿಯೆಲ್ಲ ಹೆಗಲು ಕೊಟ್ಟಿತು, ನಾನೂ ಕೊಟ್ಟೆ. ನನ್ನ ಹಿಂದಿದ್ದವರಿಬ್ಬರು ಮಾತಾಡುತ್ತಿದ್ದರು: “ಕೂಲರಿಗೆ ಇಂಥಾ ಕೈ ಮತ್ತ ಸಿಗೂದಿಲ್ಲ. ಆದ್ರ ಕಾಂಪ್ಯೂಟರಿಗೆ ಉಗೀಚ ಸುಮ್ಮನ ಕೈ ಹಾಕಿದ್ಳು ನೋಡು, ಸುಟ್ಟವಂತಲ್ಲ.” ಅವರನ್ನು ಹೊತ್ತುಕೊಂಡು ಹೋಗುವಾಗಲೂ ಆ ಸುಳ್ಳು ನಮ್ಮ ಜೊತೆಗೇ ನಡೆದು ಬರುತ್ತಿತ್ತು. ಆ ಸುಳ್ಳಿಗೆ ಸಾಕ್ಷಿಯ ಸಹಿ ಹಾಕಿದವನ ಹೆಗಲ ಮೇಲೆಯೇ ಅವರ ತಲೆಯ ಭಾಗ ಇತ್ತು.

ಅವತ್ತು ಮನೆಗೆ ಬಂದು ಸ್ನಾನ ಮಾಡಿ ಕಾಗದ ಬರೆದೆ. ಒಂದೇ ಏಟಿಗೆ, ಕರಡಿಲ್ಲದೆ. ಕರೆತಂದವನು ನಾನು, ಮುಖ್ಯಾಧ್ಯಾಪಕರು ಬಾಯಿಮಾತಿನಲ್ಲಿ ಒಪ್ಪಿದ್ದರು, ಕೆಲಸ ನಿರ್ದೋಷವಾಗಿತ್ತು, ಜಾಲರಿಯ ಮೇಲೆ ಸ್ಟಿಕರ್ ಅಂಟಿಸಿದ್ದರಿಂದ ಯಂತ್ರಗಳು ಕೆಟ್ಟವು, ಅಂಟಿಸಿದವರಲ್ಲಿ ನಾನೂ ಒಬ್ಬ, ವರದಿಗೆ ಸುಳ್ಳೆಂದು ತಿಳಿದೂ ಸಹಿ ಹಾಕಿದೆ. ವಹಿಯ ನಕಲು ಹಚ್ಚಿದೆ. ದಿನಕರ್ಮಗಳು ಮುಗಿದ ಮೇಲೆ ತೆಗೆದುಕೊಂಡು ಹೋದೆ.

ಮುಂದಿನ ಕೋಣೆಯಲ್ಲಿ ಸೊಸೆ ಮೋಟರ್ ಸುತ್ತುತ್ತಿದ್ದಳು. ಕಾಗದ ಕೈಗೆ ತೆಗೆದುಕೊಂಡು ನಿಂತೇ ಓದಿದಳು. ಎರಡು ಸಲ ಓದಿದಳು.

“ಅತ್ತಿ ಇದ್ದಾಗ ತಂದಿದ್ರ ಚಾ ಮಾಡಿ ಕೊಡ್ತಿದ್ದೆ,” ಎಂದಳು.

ಸುತ್ತುತ್ತಿದ್ದ ತಂತಿಯ ತುದಿಯನ್ನು ಮೊಳೆಗೆ ಸಿಕ್ಕಿಸಿದಳು.

“ಈಗ ಈ ಕೆಲಸ ನಾ ಮಾಡಬೇಕು ಅಂತೀನ್ರಿ. ಕೊರಿಯೂದು ಅವ್ರ ಕಲಿಸ್ಯಾರ. ಆದ್ರ ಸಾಲ್ಯಾಗ ಒಳಗ ಬಿಡಂಗಿಲ್ಲ, ಹೆಸರ ಕೇಳಿದ ಕೂಡ್ಲೆ ಬ್ಯಾಡ ಅಂತಾರ.” ಕಾಗದವನ್ನು ತಿರುಗಿಸಿ ಹಿಂದೆ ಮುಂದೆ ನೋಡಿದಳು. “ಶಿಕ್ಕಾ ಎಲ್ಲಿ ಅದರಿ ಇದರ ಮ್ಯಾಲ? ಅವ್ರು ಬರದದ್ದಕ್ಕ ಶಿಕ್ಕಾ ಇತ್ತು. ಶಿಕ್ಕಾ ಇಲ್ಲದ್ದು ಯಾರ ನಂಬ್ತಾರ?”

ಸರಿಯಾದ ಮಾತು. ಸುಳ್ಳಿಗೆ ಸಂಸ್ಥೆಯ ಮೊಹರಿತ್ತು. ಮರುದಿನ ಸಾಲೆಯಲ್ಲಿ ಹತ್ತೂವರೆಗೆ, ಎಲ್ಲರೂ ಪ್ರಾರ್ಥನೆಗೆ ನಿಂತಿದ್ದಾಗ, ಕಪಾಟು ತೆಗೆದು ಮೊಹರನ್ನು ಶಾಯಿಗೆ ಒತ್ತಿ ಕಾಗದದ ಮೇಲೆ ಒತ್ತಿದೆ. ಮೊದಲ ಪ್ರತಿಯಲ್ಲಿ ಸೊಟ್ಟಗೆ ಬಿತ್ತು. ಇನ್ನೆರಡು ಪ್ರತಿಯಲ್ಲಿ ನೆಟ್ಟಗೆ. ಒಂದು ಸೊಸೆಗೆ, ಒಂದು ಮಂದ್ರೂಪಕ್ಕೆ, ಒಂದು ಬೋರಾಮಣಿಗೆ.

ಬೋರಾಮಣಿಯಿಂದ ಇನ್ನೂ ಉತ್ತರವಿಲ್ಲ. ಮಂದ್ರೂಪದ ಮುಖ್ಯಾಧ್ಯಾಪಕರು ಓದಿದರು, ಮತ್ತು ಅದೇ ದಿನ ಅದನ್ನು ಕಾರ್ಯದರ್ಶಿಗಳಿಗೆ ಕಳಿಸಿ ತಮ್ಮ ನಿಷ್ಠೆ ಮೆರೆದರು. ಮುಂದಿನ ವಾರ ನನ್ನ ಮೇಜಿನ ಮೇಲೆ ನೋಟೀಸು. ಸಂಸ್ಥೆಯ ಮೊಹರನ್ನು ಪರವಾನಗಿ ಇಲ್ಲದೆ ಬಳಸಿದ್ದೇಕೆ, ನಿಮ್ಮ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು, ಏಳು ದಿನದೊಳಗೆ ಲಿಖಿತ ಉತ್ತರ ಕೊಡಿರಿ. ಕಾಗದದಲ್ಲಿ ನಾನು ಬರೆದದ್ದು ನಿಜವೋ ಸುಳ್ಳೋ ಎಂದು ಅದರಲ್ಲಿ ಎಲ್ಲಿಯೂ ಕೇಳಿಲ್ಲ. ನನ್ನ ನೌಕರಿಗೆ ಇನ್ನು ನಾಲ್ಕು ವರ್ಷ. ಹೆಂಡತಿ ಅತ್ತಳು, ಆಮೇಲೆ ಸಮಾಧಾನವಾಗಿ, “ಕ್ಷಮಾ ಕೇಳಿ ಬಿಡ್ರಿ,” ಎಂದಳು.

ಉತ್ತರ ಇವತ್ತು ಕೊಟ್ಟು ಬಂದೆ. ಅದು ಇಷ್ಟೇ: ‘ಮೊಹರು ಒತ್ತಿದವನು ನಾನೇ. ಕಾಗದದಲ್ಲಿರುವುದೆಲ್ಲ ನಿಜ. ಒತ್ತಬೇಕಾಗಿದ್ದುದು ಎರಡು ವರ್ಷದ ಹಿಂದೆ. ತಡವಾದುದಕ್ಕೆ ಕ್ಷಮೆ ಕೇಳುತ್ತೇನೆ, ತಮ್ಮಲ್ಲಿ ಅಲ್ಲ.’